ನುಣ್ಣೂರಿನ ಅತ್ಯುತ್ತಮ ಗಾಡಿ

ಒಂದಾನೊಂದು ಊರಿನಲ್ಲಿ ಒಂದು ರಸ್ತೆ ಇತ್ತು. ಅದೇ ತಪ್ಪಾಗಿಹೋಯ್ತು.

ಯಾಕೆ ತಪ್ಪು ಅಂತ ಈಗಲೇ ಕೇಳಬೇಡಿ. ಕತೆ ಹೇಳೋಳು ನಾನು, ಕೇಳೋರು ನೀವು. ಆ ಸೌದೆ ಸ್ವಲ್ಪ ಒಳಕ್ಕೆ ತಳ್ಳಿ, ಹೊಗೆಯೆಲ್ಲ ನನ್ನ ಮುಖಕ್ಕೇ ಬರ್ತಿದೆ. ಹಾಂ. ಆ ಊರಿನ ಹೆಸರು ನುಣ್ಣೂರು. ರಸ್ತೆ ಅಷ್ಟು ನುಣ್ಣಗಿತ್ತು, ಅದಕ್ಕೇ ಆ ಹೆಸರು. ನುಣ್ಣೂರಿನಿಂದ ಆಚೇಪಾಳ್ಯಕ್ಕೆ ಮೂರು ಮೈಲಿ. ಆಚೇಪಾಳ್ಯದಲ್ಲಿ ಸಂತೆ ಇತ್ತು, ಉಪ್ಪು ಮಾರೋರು ಇದ್ರು, ಕಾಯಿಲೆ ನೋಡೋ ಪಂಡಿತರು ಇದ್ರು. ತಲೆ ಮೇಲೆ ತುಂಬಿದ ಮಜ್ಜಿಗೆ ಗಡಿಗೆ ಇಟ್ಕೊಂಡು ಮೂರು ಮೈಲಿ ನಡೆದರೂ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ.

ಆ ರಸ್ತೆ ನೋಡ್ಕೊಳ್ಳೋನು ತಿಮ್ಮಬೋವಿ. ಇಪ್ಪತ್ತೆರಡು ವರ್ಷ ಕಲ್ಲು ಒಡೆದಿದ್ದ, ಜಲ್ಲಿ ಹಾಸಿದ್ದ, ಗುಂಡಿ ಮುಚ್ಚಿದ್ದ. ಅವನ ಹೆಂಡತಿ ಗುಂಜಮ್ಮ. ಅವನು ಒಡೆದ ಜಲ್ಲಿಯನ್ನ ಬುಟ್ಟಿಯಲ್ಲಿ ಹೊತ್ತು ತರೋಳು. ಮಕ್ಕಳು ಮರಿ ಇರಲಿಲ್ಲ. ಆದರೆ ಆ ರಸ್ತೆಗೆ ಮಾತು ಬರ್ತಿತ್ತು. ಬೆಳಗಾದರೆ ಸಾಕು, "ತಿಮ್ಮಾ, ಎರಡನೇ ಮೈಲಿ ಹತ್ರ ಕೆರೀತಾ ಇದೆ ಕಣೋ" ಅಂತ ಕೂಗೋದು. ತಿಮ್ಮಬೋವಿ ಎದ್ದು ಹೋಗಿ ಕೆರೆದು ಬರೋನು.

ಆ ಊರಿನ ರಾಜ ಚೆಂಗರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಏನಾದರೂ ಹೊಸ ಸಾಮಾನು ಬಂದಿದೆ ಅಂದರೆ ಮಾತ್ರ ಕಿವಿ ನಿಮಿರುತ್ತಿತ್ತು. ಒಂದು ದಿನ ಯಾರೋ ಬಂದು ಹೇಳಿದ್ರು: "ಮಹಾಪ್ರಭು, ರಸ್ತೆ ಇಲ್ಲದ ಕಡೆ ಹೋಗೋ ಗಾಡಿ ಬಂದಿದೆ. ಜೀಪು ಅಂತಾರೆ." ರಾಜ ಅರ್ಧ ಊಟಕ್ಕೇ ಎದ್ದ. ಜೀಪು ತರಿಸಿದ. ಅದಕ್ಕೆ ಪಟ್ಟದ ಜೀಪು ಅಂತ ಹೆಸರಿಟ್ಟ. ಕುಂಕುಮ ಹಚ್ಚಿಸಿ, ಹತ್ತಿ ಕೂತು, ಸೀದಾ ರಸ್ತೆಗೆ ಇಳಿಸಿದ.

ಜೀಪು ನಿಂತುಬಿಡ್ತು.

"ಯಾಕೆ ನಿಂತೆ?" ಅಂದ ರಾಜ.

"ಇದು ರಸ್ತೆ" ಅಂತು ಜೀಪು.

"ಹೌದು, ರಸ್ತೆ."

"ನಾನು ರಸ್ತೆ ಇಲ್ಲದ ಕಡೆ ಹೋಗೋ ಗಾಡಿ. ಇಲ್ಲಿ ರಸ್ತೆ ಇದೆ. ನನ್ನನ್ನ ಕರೆದು ಅವಮಾನ ಮಾಡ್ತಿದ್ದೀಯಾ?" ಅಂತ ಹಾರನ್ ಹೊಡ್ಕೊಂಡು ಅಳೋಕೆ ಶುರು ಮಾಡ್ತು.

ನೀವಾಗಿದ್ರೆ ಏನು ಮಾಡ್ತಿದ್ರಿ? ಜೀಪನ್ನ ವಾಪಸ್ ಕಳಿಸ್ತಿದ್ರಿ. ಅದಕ್ಕೇ ನೀವು ರಾಜರಾಗಲಿಲ್ಲ. ಚೆಂಗರಾಯ ರಸ್ತೆಯನ್ನೇ ತೆಗೆಸಿದ. ತೆಗೆಯೋಕೆ ಯಾರಿಗೆ ಹೇಳಿದ? ಅದರ ಮೈಯೆಲ್ಲ ಗೊತ್ತಿರೋನು ಒಬ್ಬನೇ ಇದ್ದನಲ್ಲ, ಅವನಿಗೇ ಹೇಳಿದ.

ತಿಮ್ಮಬೋವಿ ಗುದ್ದಲಿ ಹಿಡ್ಕೊಂಡು ಹೋದ. ರಸ್ತೆ ಕೇಳಿತು, "ಏನೋ ತಿಮ್ಮಾ, ಇವತ್ತು ನಾನು ಕೂಗಲಿಲ್ಲವಲ್ಲ?" ತಿಮ್ಮಬೋವಿ ಗುದ್ದಲಿ ಎತ್ತಿದ. ಮೂರು ತಿಂಗಳು ಅಗೆದ. ಅಗೆದ ಕಡೆಯೆಲ್ಲ ಗುಂಡಿ, ಗುಂಡಿ ಇಲ್ಲದ ಕಡೆ ಬಂಡೆ. ರಸ್ತೆ ಮೊದಲ ಮೈಲಿಯಲ್ಲಿ ಬೈದಿತು, ಎರಡನೇ ಮೈಲಿಯಲ್ಲಿ ಅತ್ತಿತು, ಮೂರನೇ ಮೈಲಿಯಲ್ಲಿ ಸುಮ್ಮನಾಯ್ತು. ಅವತ್ತು ಸಂಜೆ ಮನೆಗೆ ಬಂದು ತಿಮ್ಮಬೋವಿ ಅನ್ನದ ತಟ್ಟೆ ಮುಂದೆ ಕೂತ. ತುತ್ತು ಎತ್ತಲಿಲ್ಲ. ಅವನ ಎದೆಯೊಳಗೆ ಏನೋ ಕೂತ್ಕೊಂಡಿತು, ಮತ್ತೆ ಏಳಲಿಲ್ಲ.

ಇನ್ನು ಊರಿನವರ ಪಾಡು ಕೇಳಿ. ಎತ್ತಿನಗಾಡಿಗಳು ಮೊದಲನೇ ಗುಂಡಿಯಲ್ಲೇ ಅಚ್ಚು ಮುರ್ಕೊಂಡು ಕೂತವು. ಉಪ್ಪು ತರಬೇಕು ಅಂದ್ರೂ ಜೀಪೇ ಬೇಕು. ಅನುಕೂಲ ಇದ್ದ ಮೂವರು ಒಂದೊಂದು ಜೀಪು ತಂದ್ರು. ಈ ಜೀಪು ಮಾಡೋರು ಇದ್ದಾರಲ್ಲ, ಅವರು ಬೆಟ್ಟ ಹತ್ತೋದು ಹೇಗೆ ಅಂತ ಮಾತ್ರ ಯೋಚನೆ ಮಾಡ್ತಾರೆ. ಒಳಗೆ ಮನುಷ್ಯ ಹತ್ತೋದು ಹೇಗೆ ಅಂತ ಮಾಡಲ್ಲ. ನಮ್ಮ ಭಾವ ಒಂದು ತಂದಿದ್ದ. ಮೈಲಾರಯ್ಯನ ಗುಡ್ಡದವರೆಗೂ ಕರ್ಕೊಂಡು ಹೋದ. ನನ್ನ ಸೊಂಟ ಅಲ್ಲೇ ಎಲ್ಲೋ ಬಿದ್ದುಹೋಗಿದೆ. ಇರಲಿ.

ಮೊದಲನೇ ಜೀಪು ಗಿರಿಗೌಡನದು. ಅದರ ಹೆಸರು ಭೀಮ. ಎತ್ತರ ಅಂದರೆ ಅಂಥಿಂಥ ಎತ್ತರವಲ್ಲ. ಕೆಳಗಡೆ ಎಮ್ಮೆ ಹಾದುಹೋಗೋದು. ಎಲ್ಲಾ ಮಾಡಿದೋರು ಮೆಟ್ಟಿಲು ಇಡೋದು ಮರೆತಿದ್ರು. ಗಿರಿಗೌಡ ಏಣಿ ಹಾಕ್ಕೊಂಡು ಹತ್ತೋನು. ಹತ್ತಿದ ಮೇಲೆ ಏಣಿ ಕೆಳಗೇ ಉಳಿಯೋದು. ಇಳಿಯೋ ಊರಲ್ಲಿ ಇನ್ನೊಂದು ಏಣಿ ಸಿಗೋವರೆಗೂ ಅವನು ಮೇಲೇ ಕೂತಿರೋನು.

ಎರಡನೇದು ಪುಟ್ಟತಾಯಮ್ಮನದು. ಅದರ ಹೆಸರು ಗೌರಿ. ಪಾಪ, ಒಳ್ಳೇ ಗಾಡಿ. ಆದರೆ ಎರಡೇ ಬಾಗಿಲು, ಎರಡೂ ಮುಂದೆ. ಹಿಂದೆ ಒಂದು ಬಾಗಿಲಿತ್ತು, ಅದಕ್ಕೆ ಅಡ್ಡಲಾಗಿ ಸ್ಟೆಪ್ನಿ ಟೈರ್ ಕೂರಿಸಿದ್ರು. ಪುಟ್ಟತಾಯಮ್ಮನ ಅತ್ತೆ ಒಂದು ಮದುವೆಗೆ ಹೋಗುವಾಗ ಹಿಂದಿನ ಸೀಟಿಗೆ ನುಗ್ಗಿದವರು ಮೂರು ವರ್ಷ ಆದರೂ ಹೊರಗೆ ಬಂದಿರಲಿಲ್ಲ. ಊಟ, ಎಲೆ ಅಡಿಕೆ, ಜಪದ ಸರ ಎಲ್ಲಾ ಕಿಟಕಿಯಿಂದಲೇ. "ನನಗೆ ಅಭ್ಯಾಸ ಆಗಿಹೋಗಿದೆ ಬಿಡ್ರಮ್ಮ" ಅನ್ನೋರು.

ಮೂರನೇದು ಪಟೇಲ ಚೌಡಯ್ಯನದು. ಅದರ ಹೆಸರು ಕರಿಯ. ಶಕ್ತಿ ಅಂದ್ರೆ ಶಕ್ತಿ, ಆದರೆ ತಿರುಗೋದಿಲ್ಲ. ಒಂದು ಸಲ ಮುಖ ಹಾಕಿದ ಕಡೆ ಹೊರಟರೆ ಪಕ್ಕದ ರಾಜ್ಯದ ಗಡಿ ಸುತ್ತಿ ಮೂರು ವಾರಕ್ಕೆ ವಾಪಸ್ ಬರೋದು. ಅದೂ ಅಲ್ಲದೆ, ಓಡಿಸೋರ ಎಡಗಾಲು ಇಡೋಕೆ ಅದರಲ್ಲಿ ಜಾಗವೇ ಇರಲಿಲ್ಲ. ಚೌಡಯ್ಯ ಎಡಗಾಲನ್ನ ಮನೆಯಲ್ಲೇ ಬಿಟ್ಟು ಹೋಗೋನು. ಅವನ ಹೆಂಡತಿ ಅದನ್ನ ಕಂಬಕ್ಕೆ ಒರಗಿಸಿ, ದಿನಾ ಎಣ್ಣೆ ಹಚ್ಚಿ ನೋಡ್ಕೊಳ್ಳೋಳು.

ಪಟ್ಟದ ಜೀಪಿಗೂ ಒಂದು ಕೊರತೆ ಇತ್ತು. ಅದರ ಚಾವಣಿ ಸೋರುತ್ತಿತ್ತು. ಮಳೆ ಬಂದಾಗಲ್ಲ, ಮಳೆ ಬಂದರೆ ಸೋರುತ್ತಿರಲಿಲ್ಲ. ಬಿಸಿಲಲ್ಲಿ ಸೋರೋದು. ಅದೂ ರಾಜನ ಎಡಮಂಡಿ ಮೇಲೆ ಮಾತ್ರ.

ನಗಬೇಡ್ರೋ. ಮುಂದೆ ಕೇಳಿ, ನಗು ನಿಲ್ಲುತ್ತೆ.

ಮೂವರು ಮಾಲೀಕರಿಗೂ ಜಗಳ ಹತ್ತಿತು. "ನನ್ನ ಗಾಡಿ ಮೇಲು", "ನಿನ್ನದಕ್ಕೆ ಬಾಗಿಲೆಲ್ಲಿ", "ನಿನ್ನದು ತಿರುಗಲ್ಲ". ಹುಣಸೇಮರದ ಕಟ್ಟೆ ಮೇಲೆ ಬೆಳಗಿಂದ ಇದೇ ಮಾತು. ಹೊಲ ಬಿಟ್ಟರು, ಮನೆ ಬಿಟ್ಟರು. ಕೊನೆಗೆ ರಾಜನೇ ಬಂದು ಒಂದು ಹುಕುಂ ಮಾಡಿದ: "ನುಣ್ಣೂರಿನಿಂದ ಯಾವ ಕೆಲಸಕ್ಕಾಗಲಿ, ಅತ್ಯುತ್ತಮ ಗಾಡಿಯೇ ಹೊರಡಬೇಕು. ಎರಡನೇ ದರ್ಜೆಯದು ಹೊರಟರೆ ನಮ್ಮ ಮರ್ಯಾದೆ ಏನಾಗಬೇಕು? ಮೊದಲು ಹೋಲಿಸಿ. ಆಮೇಲೆ ಹೊರಡಿ."

ಹೋಲಿಸಿದ್ರು. ಉಪ್ಪು ತರೋಕೆ ಹೋಲಿಸಿದ್ರು, ಹೋಲಿಕೆ ಮುಗೀಲಿಲ್ಲ, ಊರೆಲ್ಲ ಸಪ್ಪೆ ಸಾರು ಉಂಡ್ರು. ಒಂದು ಮದುವೆ ದಿಬ್ಬಣಕ್ಕೆ ಹೋಲಿಸಿದ್ರು, ಮುಹೂರ್ತ ಮೀರಿತು, ಗಂಡು ಆಚೇಪಾಳ್ಯದಲ್ಲಿ ಕಾದು ಕಾದು ಅಲ್ಲೇ ಇನ್ನೊಬ್ಬಳ ಕೊರಳಿಗೆ ತಾಳಿ ಕಟ್ಟಿದ. ಹೆಣ್ಣಿನ ಅಪ್ಪ ಅತ್ತ. "ಅಳಬೇಡಪ್ಪ, ಹೋಲಿಕೆ ತುಂಬಾ ಚೆನ್ನಾಗಿ ನಡೀತಿದೆ" ಅಂತ ಸಮಾಧಾನ ಮಾಡಿದ್ರು. ಅವನೂ ಕಣ್ಣು ಒರೆಸ್ಕೊಂಡು, ಆ ಕಡೆ ಈ ಕಡೆ ನೋಡಿ, ಕಟ್ಟೆ ಮೇಲೆ ಜಾಗ ಮಾಡ್ಕೊಂಡು ಕೂತ.

ಹೀಗಿರುವಾಗ ಒಂದು ಬೆಳಿಗ್ಗೆ ತಿಮ್ಮಬೋವಿಗೆ ಎದೆನೋವು ಜೋರಾಯ್ತು. ಮೈಯೆಲ್ಲ ಬೆವರು, ಉಸಿರು ಎಳೆದೆಳೆದು ಬರ್ತಿತ್ತು. ಗುಂಜಮ್ಮ ಅವನನ್ನ ಚಾಪೆ ಸಮೇತ ಎಳ್ಕೊಂಡು ಕಟ್ಟೆ ಹತ್ರ ಬಂದಳು.

"ಅಯ್ಯಾ, ಅಪ್ಪಾ, ಯಾರಾದ್ರೂ ಒಂದು ಗಾಡಿ ಕೊಡಿ. ಪಂಡಿತರ ಹತ್ರ ಕರ್ಕೊಂಡು ಹೋಗ್ತೀನಿ. ಮೂರೇ ಮೈಲಿ" ಅಂತ ಎಲ್ಲರ ಕಾಲಿಗೂ ಬಿದ್ದಳು. ಚೌಡಯ್ಯನ ಕಾಲಿಗೆ ಬೀಳೋಕೆ ಹೋದರೆ ಒಂದೇ ಕಾಲು ಸಿಕ್ಕಿತು.

"ಕೊಡದೆ ಇರ್ತೀವಾ ಗುಂಜಮ್ಮ? ನಮಗೇನು ಕರುಳಿಲ್ವಾ?" ಅಂದ ಗಿರಿಗೌಡ. ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬಂದಿತ್ತು. "ಕೂತ್ಕೋ. ಹೋಲಿಸಿಬಿಡ್ತೀವಿ."

ಭೀಮನಿಂದ ಶುರು ಮಾಡಿದ್ರು. ಏಣಿ ತಂದ್ರು. ತಿಮ್ಮಬೋವಿ ಒಂದು ಹೆಜ್ಜೆ ಇಟ್ಟ, ಎರಡನೇದಕ್ಕೆ ಕೈ ಬಿಟ್ಟ. ಪುಟ್ಟತಾಯಮ್ಮ ಅಂದಳು, "ನೋಡಿದ್ರಾ? ಕಾಯಿಲೆಯವರು ಹತ್ತಲಾರದ ಗಾಡಿ. ಆರೋಗ್ಯವಂತರು ಮಾತ್ರ ಪಂಡಿತರ ಹತ್ರ ಹೋಗಬಹುದು." ಭೀಮನಿಗೆ ನಾಚಿಕೆಯಾಯ್ತು. ಬಗ್ಗೋಕೆ ನೋಡ್ತು, ಪಾಪ, ಅದರ ಮೈಯಲ್ಲಿ ಬಗ್ಗೋ ಕೀಲು ಒಂದೂ ಇರಲಿಲ್ಲ.

ಗೌರಿ ತಾನಾಗಿಯೇ ಹೇಳಿತು, "ನಾನು ಕರ್ಕೊಂಡು ಹೋಗ್ತೀನಿ. ಯಾರಾದ್ರೂ ಸ್ಟಾರ್ಟ್ ಮಾಡ್ರಪ್ಪಾ." ಹಿಂದಿನ ಸೀಟಿನ ಅತ್ತೆ, "ಬಾರೋ ತಿಮ್ಮಾ, ನಾನು ಸರ್ಕೊಳ್ತೀನಿ" ಅಂದ್ರು. ಆದರೆ ಚೌಡಯ್ಯ ಕೇಳಿದ: "ಒಳಗೆ ಹೋದ ಮೇಲೆ ಹೊರಗೆ ಬರೋದು ಹೇಗೆ? ಪಂಡಿತರು ನಾಡಿ ನೋಡಬೇಕು ಅಂದ್ರೆ ಅವರೂ ಒಳಗೆ ಹೋಗಬೇಕು. ಆಮೇಲೆ ಪಂಡಿತರೂ ಹೊರಗೆ ಬರಲ್ಲ. ಆಚೇಪಾಳ್ಯದವರಿಗೆ ಜ್ವರ ಬಂದ್ರೆ ಯಾರು ಹೊಣೆ?" ಎಲ್ಲರೂ ತಲೆದೂಗಿದ್ರು. ಅದೂ ಸರಿಯೇ.

ಕರಿಯನ ಸರದಿ ಬಂತು. "ಆಚೇಪಾಳ್ಯಕ್ಕೆ ಹೋಗೋದೇನೋ ಹೋಗುತ್ತೆ. ಆದರೆ ಪಂಡಿತರ ಮನೆ ಬಲಕ್ಕಿದೆ. ಬಲಕ್ಕೆ ತಿರುಗಬೇಕಾದ್ರೆ ಪಕ್ಕದ ರಾಜ್ಯ ಸುತ್ತಿ ಬರಬೇಕು. ಮೂರು ವಾರ" ಅಂದ ಗಿರಿಗೌಡ. "ಮೂರು ವಾರ ತಡ್ಕೊಳ್ತೀಯಾ ತಿಮ್ಮಾ?" ಅಂತ ಚೌಡಯ್ಯ ಬಹಳ ಪ್ರೀತಿಯಿಂದಲೇ ಕೇಳಿದ. ತಿಮ್ಮಬೋವಿ ಕಣ್ಣು ಮುಚ್ಚಿ ತೆಗೆದ. ಅದನ್ನ ಹೂಂ ಅಂತ ತಗೋಬೇಕೋ ಊಹೂಂ ಅಂತ ತಗೋಬೇಕೋ ಅಂತ ಮಧ್ಯಾಹ್ನದವರೆಗೂ ವಾದ ನಡೀತು.

ಗುಂಜಮ್ಮನಿಗೆ ತಡೆಯಲಾಗಲಿಲ್ಲ. ಎದ್ದಳು. ಸೆರಗು ಸೊಂಟಕ್ಕೆ ಬಿಗಿದಳು. "ನಿಮ್ಮ ಗಾಡಿ ನಿಮ್ಮ ಹತ್ರವೇ ಇರಲಿ. ಇಪ್ಪತ್ತೆರಡು ವರ್ಷ ಜಲ್ಲಿ ಹೊತ್ತಿದ್ದೀನಿ. ಇವನೇನು ಜಲ್ಲಿಗಿಂತ ಭಾರವೇ? ನಾನೇ ಹೊತ್ಕೊಂಡು ಹೋಗ್ತೀನಿ" ಅಂದಳು. ಗಂಡನನ್ನ ಬೆನ್ನಿಗೆ ಹಾಕ್ಕೊಂಡಳು.

"ನಿಲ್ಲು, ನಿಲ್ಲು!" ಅಂತ ಎಲ್ಲರೂ ಓಡಿ ಬಂದ್ರು. "ಹೊತ್ತುಕೊಂಡು ಹೋಗೋದೆಲ್ಲ ಗಾಡಿಯೇ. ನಿನ್ನನ್ನೂ ಹೋಲಿಸಬೇಕು."

ಬೆನ್ನ ಮೇಲೆ ಗಂಡ ಇರುವಾಗಲೇ ಅವಳ ಸುತ್ತ ಒಂದು ಸುತ್ತು ಬಂದ್ರು. "ಎತ್ತರ ಕಮ್ಮಿ" ಅಂದ ಗಿರಿಗೌಡ. "ಬಾಗಿಲೇ ಇಲ್ಲ, ಹತ್ತೋದೂ ಸುಲಭ ಇಳಿಯೋದೂ ಸುಲಭ, ಅದು ಒಳ್ಳೇದು" ಅಂದಳು ಪುಟ್ಟತಾಯಮ್ಮ. "ತಿರುಗ್ತಾಳೆ, ನಿಂತಲ್ಲೇ ತಿರುಗ್ತಾಳೆ" ಅಂತ ಚೌಡಯ್ಯ ಹೊಟ್ಟೆಕಿಚ್ಚಿನಿಂದ ಅಂದ. ಗುಂಜಮ್ಮನ ಮನಸ್ಸಿನಲ್ಲಿ ಒಂದು ಚೂರು ಆಸೆ ಹುಟ್ಟಿತು. ಅಷ್ಟರಲ್ಲಿ ಹೆಣ್ಣಿನ ಅಪ್ಪ, ಅದೇ, ಆ ಮದುವೆ ಮುರಿದವನು, ಅವಳ ಮುಖದ ಹತ್ರ ಬಗ್ಗಿ ನೋಡಿ ಅಂದ:

"ಸೋರ್ತಾ ಇದೆ."

ನಿಜ. ಎರಡು ಕಣ್ಣಿಂದಲೂ ಸೋರ್ತಾ ಇತ್ತು. ಅವಳನ್ನ ನಾಲ್ಕನೇ ಸ್ಥಾನಕ್ಕೆ ಹಾಕಿದ್ರು. ತಿಮ್ಮಬೋವಿಯನ್ನ ಇಳಿಸಿ ಚಾಪೆ ಮೇಲೆ ಮಲಗಿಸಿದ್ರು.

ಗುಂಜಮ್ಮ ಅರಮನೆಗೆ ಓಡಿದಳು. ರಾಜನೇ ಇಳಿದು ಬಂದ, ಪಟ್ಟದ ಜೀಪಿನಲ್ಲಿ, ಎಡಮಂಡಿಯಿಂದ ನೀರು ತೊಟ್ಟಿಕ್ಕಿಸ್ಕೊಂಡು. "ಬುದ್ಧಿ, ಒಂದೇ ಒಂದು ಗಳಿಗೆ ಆ ರಸ್ತೆ ವಾಪಸ್ ಹಾಸಿ. ನಾವು ದಾಟಿದ ಮೇಲೆ ಮತ್ತೆ ಕಿತ್ತುಬಿಡಿ, ನಾನೇ ಕೀಳ್ತೀನಿ" ಅಂತ ಕೈ ಮುಗಿದಳು. ರಾಜ ಪಟ್ಟದ ಜೀಪಿನ ಮುಖ ನೋಡಿದ. ಅದು ಮೂತಿ ಊದಿಸ್ಕೊಂಡಿತ್ತು. "ಆಗಲ್ಲ ಗುಂಜಮ್ಮ. ಅದಕ್ಕೆ ಬೇಜಾರಾಗುತ್ತೆ" ಅಂದ.

ಆಮೇಲೆ ರಾಜ ಕಟ್ಟೆ ಮೇಲೆ ಕೂತು ಎಲ್ಲರ ವಾದ ಕೇಳಿದ. ಗಲ್ಲದ ಮೇಲೆ ಕೈಯಿಟ್ಟು ಬಹಳ ಹೊತ್ತು ಯೋಚಿಸಿದ.

"ಭೀಮ ಎತ್ತರ ಅಂತ ದೂರಿದ್ದು ಯಾರು?" ಅಂದ.

"ಹತ್ತೋಕೆ ಹೋದೋರು."

"ಗೌರಿಗೆ ಬಾಗಿಲಿಲ್ಲ ಅಂತ?"

"ಒಳಗೆ ಕೂತೋರು."

"ನನ್ನ ಗಾಡಿ ಸೋರುತ್ತೆ ಅಂತ?"

"ತಾವೇ, ಮಹಾಪ್ರಭು."

"ಹಾಗಾದ್ರೆ ಗಾಡಿಗಳಲ್ಲಿ ಕೊರತೆ ಇಲ್ಲ. ಕೊರತೆ ಇರೋದು ಹತ್ತೋರಲ್ಲಿ. ಯಾರೂ ಹತ್ತದೆ ಇದ್ರೆ ಎಲ್ಲಾ ಗಾಡಿಯೂ ಅತ್ಯುತ್ತಮವೇ. ತಿಮ್ಮಬೋವಿಯನ್ನ ಬಿಟ್ಟು ಗಾಡಿಯನ್ನ ಮಾತ್ರ ಪಂಡಿತರ ಹತ್ರ ಕಳಿಸಿ."

ಚಪ್ಪಾಳೆ ಬಿತ್ತು. ಹೋಲಿಕೆ ಶುರುವಾದ ಮೇಲೆ ಮೊದಲನೇ ಸಲ ಒಂದು ತೀರ್ಮಾನ ಆಗಿತ್ತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡ್ರು. ಪಟ್ಟದ ಜೀಪಿನ ಬ್ರೇಕು ಸಡಿಲ ಮಾಡಿದ್ರು. ಅದು ಖಾಲಿ ಹೊರಟಿತು. ಗುಂಡಿ ಹಾರಿತು, ಬಂಡೆ ಹತ್ತಿತು, ಹಳ್ಳ ಈಜಿತು. ಎಂಥ ಚೆಂದ ಅಂತೀರಾ! ಒಂದು ತೊಟ್ಟು ಸೋರಲಿಲ್ಲ.

ಆಚೇಪಾಳ್ಯದ ಪಂಡಿತರು ಹೊರಗೆ ಬಂದು ಜೀಪಿನ ಚಕ್ರ ಹಿಡಿದು ನಾಡಿ ನೋಡಿದ್ರು. "ಉಷ್ಣ ಜಾಸ್ತಿ ಆಗಿದೆ" ಅಂದ್ರು. ಮೂರು ಪೊಟ್ಟಣ ಚೂರ್ಣ ಕೊಟ್ಟು, ಬಿಸಿನೀರಲ್ಲಿ ತಗೋ ಅಂದ್ರು. ಜೀಪಿನ ಹೊಟ್ಟೆಯಲ್ಲಿ ಬಿಸಿನೀರು ಇದ್ದೇ ಇತ್ತಲ್ಲ, ಅಲ್ಲೇ ಮೂರನ್ನೂ ಕುಡೀತು. ವಾಪಸ್ ಬಂದು, "ಈಗ ಎಷ್ಟೋ ವಾಸಿ" ಅಂತು.

ಇತ್ತ ಚಾಪೆ ಮೇಲೆ ತಿಮ್ಮಬೋವಿ ಹೆಂಡತಿಯ ಕೈ ಹುಡುಕಿದ.

"ಗುಂಜಿ."

"ಇಲ್ಲೇ ಇದ್ದೀನಿ ಕಣೋ."

"ಮೂರನೇ ಮೈಲಿ ತಿರುವಿನಲ್ಲಿ ಒಂದು ಗುಂಡಿ ಮುಚ್ಚೋದು ಬಾಕಿ ಇತ್ತು."

"ಈಗ ಎಲ್ಲಾ ಗುಂಡಿಯೇ ಅಲ್ವೇನೋ."

"ಅದು ಬೇರೆ ಗುಂಡಿ. ಅದು ನಾನು ತೋಡಿದ್ದಲ್ಲ" ಅಂದ ತಿಮ್ಮಬೋವಿ. ಸ್ವಲ್ಪ ನಕ್ಕ. ಅವಳೂ ನಕ್ಕಳು. ನಗ್ತಾ ನಗ್ತಾ ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು, ಕತ್ತು ಒರೆಸಿದಳು, ಇನ್ನೂ ಒರೆಸ್ತಾ ಇದ್ದಳು. ಅವನು ಹೋಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು.

ಏ, ಸುಮ್ನಿರ್ರಪ್ಪ. ನನಗೂ ಸಂಕಟ ಆಗುತ್ತೆ. ನಾನೇನು ಕಲ್ಲೇ? ತಡೀರಿ, ಹೇಳ್ತೀನಿ.

ಊರೆಲ್ಲ ಅತ್ತಿತು. ಸುಳ್ಳು ಅಳುವಲ್ಲ. ಗಿರಿಗೌಡ ಎದೆ ಬಡ್ಕೊಂಡ. ಬಿದಿರು ಕಡಿದು ಚಟ್ಟ ಕಟ್ಟಿದ್ರು. ಗುಂಜಮ್ಮ ಎದ್ದು ನಿಂತು ಕೇಳಿದಳು, "ಇದನ್ನ ಹೋಲಿಸಲ್ವಾ?"

ರಾಜ ಗಾಬರಿಯಾಗಿ, "ಛೆ ಛೆ, ಸತ್ತೋರನ್ನ ಕಾಯಿಸಬಾರದು. ಬೇಗ ಎತ್ತಿ, ಬೇಗ ಎತ್ತಿ" ಅಂದ.

ನಾಲ್ಕು ಜನ ಹೆಗಲು ಕೊಟ್ರು. ಎತ್ತಿದ್ದೇ ತಡ, ಹೊರಟೇಬಿಟ್ರು. ಸುಡುಗಾಡು ಇದ್ದದ್ದು ಆಚೇಪಾಳ್ಯದ ಪಕ್ಕದಲ್ಲಿ. ಗುಂಡಿ ಬಂದರೆ ಇಳಿದ್ರು, ಬಂಡೆ ಬಂದರೆ ಬಳಸಿದ್ರು, ಹಳ್ಳ ಬಂದರೆ ಎದೆಮಟ್ಟ ನೀರಲ್ಲಿ ತಲೆಗಿಂತ ಮೇಲೆ ಎತ್ತಿ ಹಿಡಿದ್ರು. ಒಂದು ತಾಸಿನೊಳಗೆ ಪಂಡಿತರ ಮನೆ ಮುಂದೆ ಹಾದುಹೋದ್ರು. ಪಂಡಿತರು ಜಗಲಿ ಮೇಲೆ ಕೂತಿದ್ರು. "ಇಷ್ಟು ಬೇಗ ಬರಬಹುದಾಗಿತ್ತಾ?" ಅಂದ್ರು. ಹೊತ್ತೋರು ಹೆಗಲು ಬದಲಾಯಿಸ್ಕೊಂಡು ಮುಂದೆ ನಡೆದ್ರು. ಚಟ್ಟ ಎತ್ತಿದ ಮೇಲೆ ನಿಲ್ಲುವ ಹಾಗಿರಲಿಲ್ಲ.

ಮಣ್ಣು ಮಾಡಿ ವಾಪಸ್ ಬಂದು, ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಎಲ್ಲರೂ ಕಟ್ಟೆ ಮೇಲೆ ಕೂತ್ರು. ಆಮೇಲೆ ಗಿರಿಗೌಡ ಮೆಲ್ಲಗೆ ಅಂದ, "ಹತ್ತಿಸೋಕೆ ಏಣಿ ಬೇಕಾಗಲಿಲ್ಲ."

"ಸುತ್ತ ಎಲ್ಲಿಂದ ಬೇಕಾದ್ರೂ ಇಳಿಸಬಹುದು" ಅಂದಳು ಪುಟ್ಟತಾಯಮ್ಮ.

"ಪಂಡಿತರ ಮನೆ ಮೂಲೆಯಲ್ಲಿ ಎಷ್ಟು ಚೆನ್ನಾಗಿ ತಿರುಗಿತು ನೋಡಿದ್ರಾ?" ಅಂದ ಚೌಡಯ್ಯ. "ಕಾಲು ಚಾಚೋಕೂ ಜಾಗ."

"ತಿಮ್ಮಬೋವಿ ದಾರಿಯುದ್ದಕ್ಕೂ ಒಂದೇ ಒಂದು ದೂರು ಹೇಳಲಿಲ್ಲ" ಅಂತ ಹೆಣ್ಣಿನ ಅಪ್ಪ ಸೇರಿಸಿದ.

ರಾಜ ಎದ್ದು ನಿಂತ. ಅವನ ಮುಖ ಅರಳಿತ್ತು. "ಸಿಕ್ಕಿತು! ಇದೇ ನುಣ್ಣೂರಿನ ಅತ್ಯುತ್ತಮ ಗಾಡಿ. ಒಂದೂ ಕೊರತೆ ಇಲ್ಲ!" ಅಂತ ಸಾರಿದ. ಆಮೇಲೆ ಜ್ಞಾಪಿಸ್ಕೊಂಡು, "ತಡೀರಿ, ಮಾಲೀಕರನ್ನ ಕೇಳಬೇಕಲ್ಲ? ಮಾಲೀಕರ ಅನುಭವ ಮುಖ್ಯ. ಗುಂಜಮ್ಮನ್ನ ಕರೀರಿ" ಅಂದ.

ಗುಂಜಮ್ಮ ಬಂದು ನಿಂತಳು. ಹಣೆ ಬರಿದಾಗಿತ್ತು. ಕೈಯಲ್ಲಿ ಬಳೆ ಇರಲಿಲ್ಲ.

"ಹೇಳಮ್ಮ, ಆ ಗಾಡಿಯಲ್ಲಿ ಏನಾದ್ರೂ ಕೊರತೆ ಇದೆಯಾ?"

"ಒಂದಿದೆ ಬುದ್ಧಿ" ಅಂದಳು ಗುಂಜಮ್ಮ. "ಅದರಲ್ಲಿ ಒಬ್ಬರಿಗೇ ಜಾಗ. ನಾನೂ ಹತ್ತೋಕೆ ಹೋದೆ. ಇಳಿಸಿಬಿಟ್ರು."

ಗೌರಿಯೊಳಗೆ ಆ ಅತ್ತೆ ಬಿಕ್ಕಿ ಬಿಕ್ಕಿ ಅಳೋದು ಕೇಳ್ತಿತ್ತು. ರಾಜ ತಲೆದೂಗಿ, "ಹೌದು, ಅದು ಕೊರತೆಯೇ. ಮುಂದಿನ ಸಲ ಅಗಲವಾಗಿ ಮಾಡಿಸೋಣ" ಅಂದ.

ನೀತಿ ಏನು ಅಂತ ಕೇಳ್ತೀರಾ? ಇದೆ. ಜೀಪು ತಗೊಳ್ಳೋ ಮೊದಲು ಒಳಗೆ ಕೂತು ಎಡಗಾಲಿಗೆ ಜಾಗ ಇದೆಯಾ ನೋಡ್ಕೊಳ್ಳಿ. ಅಷ್ಟೇ. ಅವರ ಊರಲ್ಲಿ ಅವರು ಕೂತಿದ್ದಾರೆ, ನಮ್ಮ ಊರಲ್ಲಿ ನಾವು ಕೂತಿದ್ದೀವಿ. ಏಳಿ, ಏಳಿ, ಯಾರೂ ಈಗ ನನ್ನ ಮುಖ ನೋಡಬೇಡಿ.